ಹಡಗಿನ ಇಡಬ್ಲ್ಯು ಸೆಟ್ ಕೈಕೊಟ್ಟಾಗ: ಸ್ಪೇರ್ ಕೇಳುವ ಮೊದಲು ಎಲ್ಲೆಲ್ಲಿ ನೋಡಬೇಕು

ಬೆಂಗಳೂರಿಗೆ ರಿಪೇರಿಗೆ ಅಂತ ಬರುವ ಹಡಗಿನ ಎಲೆಕ್ಟ್ರಾನಿಕ್ ವಾರ್‌ಫೇರ್ (ಇಡಬ್ಲ್ಯು), ಅಂದರೆ ಶತ್ರುವಿನ ರಾಡಾರ್ ಅಲೆಗಳನ್ನು ಕೇಳಿಸಿಕೊಂಡು ಅವನ್ನು ಜಾಮ್ ಮಾಡುವ, ಪೆಟ್ಟಿಗೆಗಳಲ್ಲಿ ಎಷ್ಟೋ ಪೆಟ್ಟಿಗೆಗಳಿಗೆ ಏನೂ ಆಗಿರುವುದಿಲ್ಲ. ಬೆಂಚ್ ಮೇಲಿಟ್ಟು ಆನ್ ಮಾಡಿದರೆ ಚೆನ್ನಾಗಿಯೇ ಓಡುತ್ತವೆ. ಡಾಕ್ಟರ್ ಎದುರು ಕೂತ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಟ್ಯಾಗ್ ಮೇಲೆ ಮಾತ್ರ 'ಫಾಲ್ಟಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ನಿಜವಾದ ದೋಷ ಹಡಗಿನಲ್ಲೇ ಉಳಿದುಬಿಟ್ಟಿರುತ್ತದೆ. ಮಾಸ್ಟ್‌ನಿಂದ ಇಳಿಯುವ ಕೇಬಲ್‌ನಲ್ಲೋ, ಉಪ್ಪು ತಿಂದ ಕನೆಕ್ಟರ್‌ನಲ್ಲೋ, ಯಾರೋ ಪ್ರೀತಿಯಿಂದ ಪೇಂಟ್ ಬಳಿದ ಆಂಟೆನಾ ಮುಚ್ಚಳದ ಮೇಲೋ ಇರುತ್ತದೆ. ಪೆಟ್ಟಿಗೆ ಇಲ್ಲಿಗೆ ಬಂತು, ಹೊಸ ಪೆಟ್ಟಿಗೆ ಅಲ್ಲಿಗೆ ಹೋಯಿತು, ಎರಡು ವಾರದಲ್ಲಿ ಅದೇ ದೂರು ಮತ್ತೆ ಬಂತು. ಈ ಸುತ್ತಾಟದಲ್ಲಿ ಇರುವ ನಾಲ್ಕು ಸ್ಪೇರ್‌ಗಳೂ ಖಾಲಿಯಾಗುತ್ತವೆ.

ಪೀಣ್ಯ, ಜಾಲಹಳ್ಳಿ ಕಡೆಯ ವರ್ಕ್‌ಶಾಪ್‌ಗಳಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗರು, ಹುಡುಗಿಯರು ಮತ್ತು ಹಡಗಿನ ಕಡೆಯಿಂದ ಅವರಿಗೆ ಫೋನ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾವ ಒಂದು ಮಾಡೆಲ್‌ನ ಒಳಗುಟ್ಟೂ ಇಲ್ಲಿಲ್ಲ. ನಮ್ಮ ನೌಕಾಪಡೆಯ ಅಜಂತಾ, ಎಲ್ಲೋರಾ ಆಗಲಿ, ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯ ವಿನ್ಯಾಸ ಮಾಡಿ ಬಿಇಎಲ್ ತಯಾರಿಸುವ, 2021ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ನೌಕಾಪಡೆಗೆ ಒಪ್ಪಿಸಿದ ಶಕ್ತಿ ಆಗಲಿ, ಅಮೆರಿಕದವರ ಎಸ್‌ಎಲ್‌ಕ್ಯೂ-32 ಆಗಲಿ, ಮೂಳೆ ಹೆಚ್ಚುಕಡಿಮೆ ಒಂದೇ. ಮೇಲೆ ಆಂಟೆನಾಗಳು, ಅವುಗಳ ಹಿಂದೆ ಸಿಗ್ನಲ್ಲನ್ನು ಮೊದಲು ಹಿಡಿದು ಬಲಪಡಿಸುವ ಫ್ರಂಟ್ ಎಂಡ್, ಕೆಳಗೆ ರಿಸೀವರ್ ಮತ್ತು ಪ್ರೊಸೆಸರ್, ಪಕ್ಕದಲ್ಲಿ ಜಾಮರ್‌ನ ಟ್ರಾನ್ಸ್‌ಮಿಟರ್. ಕೆಡುವ ರೀತಿಯೂ ಹೆಚ್ಚುಕಡಿಮೆ ಒಂದೇ.

ಮೊದಲು ಫೋನ್, ಆಮೇಲೆ ಸ್ಕ್ರೂಡ್ರೈವರ್

"ಸಾರ್, ಸೆಟ್ ಕೆಲಸ ಮಾಡ್ತಿಲ್ಲ" ಅಂತ ಕಾರವಾರದಿಂದ ಫೋನ್ ಬಂದರೆ 'ಬೈಟ್ (ಸೆಟ್‌ನ ಸ್ವಯಂ ಪರೀಕ್ಷೆ) ಏನು ಹೇಳುತ್ತಿದೆ' ಅಂತ ಮೊದಲೇ ಕೇಳಬೇಡಿ. ಅದನ್ನು ಅವರೇ ಹೇಳುತ್ತಾರೆ. ನೀವು ಕೇಳಬೇಕಾದ್ದು ಬೇರೆ. ಯಾವಾಗಿನಿಂದ ಹೀಗಾಗಿದೆ? ಅದಕ್ಕೆ ಸ್ವಲ್ಪ ಮುಂಚೆ ಹಡಗಿನಲ್ಲಿ ಏನು ಕೆಲಸ ನಡೆಯಿತು? ಪೇಂಟ್ ಆಯಿತಾ, ಮಾಸ್ಟ್ ಹತ್ತಿದರಾ, ಹೊಸ ರಾಡಾರ್ ಕೂರಿಸಿದರಾ, ಹಡಗಿನ ದಿಕ್ಕು ಹೇಳುವ ಗೈರೊ ಬಿಚ್ಚಿದರಾ? ಎಲ್ಲ ದಿಕ್ಕಿನಲ್ಲೂ ತೊಂದರೆಯಾ, ಒಂದೇ ಕಡೆಯಾ? ಮಳೆ ಬಂದಾಗ ಜಾಸ್ತಿಯಾಗುತ್ತದಾ? ಸೆಟ್ ಬಿಸಿಯಾದ ಮೇಲೆ ಶುರುವಾಗುತ್ತದಾ, ತಣ್ಣಗಿದ್ದಾಗಲೂ ಇದೆಯಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗದಿದ್ದರೆ ಇನ್ನೊಂದು ದಿನ ಆದರೂ ಪರವಾಗಿಲ್ಲ, ಕೇಳಿಯೇ ಮುಂದಕ್ಕೆ ಹೋಗಿ.

ಬೈಟ್ ಅಂದರೆ ಪೆಟ್ಟಿಗೆ ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುವ ಏರ್ಪಾಡು. ಅದನ್ನು ನಂಬಬಹುದು, ಆದರೆ ಅದು ಎಲ್ಲಿಂದ ನೋಡುತ್ತಿದೆ ಅಂತ ಗೊತ್ತಿರಬೇಕು. ಎಷ್ಟೋ ಸೆಟ್‌ಗಳಲ್ಲಿ ಬೈಟ್ ತನ್ನ ಪರೀಕ್ಷಾ ಸಿಗ್ನಲ್ಲನ್ನು ಆಂಟೆನಾ ಆದಮೇಲೆ, ಒಂದು ಕಪ್ಲರ್ ಮೂಲಕ ಒಳಗೆ ಬಿಡುತ್ತದೆ. ಅಂದರೆ ಕಪ್ಲರ್‌ಗಿಂತ ಮುಂಚೆ ಇರುವ ಆಂಟೆನಾ, ರೇಡೋಮ್ (ಆಂಟೆನಾದ ಮುಚ್ಚಳ), ಮೊದಲ ತುಂಡು ಕೇಬಲ್ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಆಂಟೆನಾ ಬಿಚ್ಚಿ ಕೆಳಗಿಟ್ಟರೂ ಬೈಟ್ ಹಸಿರು ತೋರಿಸಬಹುದು! ಹಾಗಾಗಿ ನಿಮ್ಮ ಸೆಟ್‌ನ ಬ್ಲಾಕ್ ಡಯಾಗ್ರಾಂ ತೆಗೆದು, ಬೈಟ್ ಸಿಗ್ನಲ್ ಸೇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿಟ್ಟುಕೊಳ್ಳಿ. ಬೈಟ್ ಹಸಿರು, ದೂರು ನಿಜ ಅಂತಾದರೆ ಗುರುತಿಗಿಂತ ಮುಂದೆ, ಅಂದರೆ ಆಂಟೆನಾ ಕಡೆ ಮೊದಲು ಹುಡುಕಿ. ಬೈಟ್ ಕೆಂಪಾದರೆ ಅದರ ಹಿಂದೆ.

ದೂರು ಒಂದು: ಮೊದಲಿನಷ್ಟು ದೂರ ಕೇಳಿಸುತ್ತಿಲ್ಲ

ತುಂಬಾ ಬರುವ ದೂರು ಇದು. ತುಂಬಾ ಸಲ ದೋಷವೇ ಅಲ್ಲದ ದೂರೂ ಇದೇ. ಮೊದಲು ದಿಗಂತದ ಲೆಕ್ಕ ಹಾಕಿ. ನಿಮ್ಮ ಆಂಟೆನಾದ ಎತ್ತರ ಮತ್ತು ಎದುರಿನ ರಾಡಾರ್‌ನ ಎತ್ತರ ಎರಡನ್ನೂ ಮೀಟರ್‌ನಲ್ಲಿ ತೆಗೆದುಕೊಂಡು ಎರಡರ ವರ್ಗಮೂಲ ಕೂಡಿ, 4.12ರಿಂದ ಗುಣಿಸಿ. ಬರುವುದು ಕಿಲೋಮೀಟರ್. 25 ಮೀಟರ್ ಮೇಲಿನ ಆಂಟೆನಾ, 16 ಮೀಟರ್ ಮೇಲಿನ ರಾಡಾರ್ ಆದರೆ ಸುಮಾರು 37 ಕಿಲೋಮೀಟರ್. 'ಕಳೆದ ತಿಂಗಳು ಇದರ ಮೂರರಷ್ಟು ದೂರದಿಂದ ಕೇಳಿಸಿತ್ತು' ಅಂತ ಅವರು ಹೇಳಿದರೆ ಅದು ಸುಳ್ಳಲ್ಲ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ಗಾಳಿಯ ಪದರಗಳು ಅಲೆಗಳನ್ನು ನೀರಿನ ಮೇಲ್ಮೈಗೇ ಅಂಟಿಸಿಕೊಂಡು ದಿಗಂತದಾಚೆಗೂ ಒಯ್ಯುತ್ತವೆ. ಮಳೆಗಾಲ ಹಿಡಿದ ಮೇಲೆ ಆ ಸೌಲಭ್ಯ ಇರುವುದಿಲ್ಲ. ಅಂಥ ದಿನದ ಅಳತೆಯನ್ನು ಇವತ್ತಿನದರ ಜೊತೆ ಹೋಲಿಸಿ ಫ್ರಂಟ್ ಎಂಡ್ ಬದಲಿಸುವುದು ಸುಮ್ನೆ ದಂಡ.

ಹೋಲಿಸಲು ಸರಿಯಾದ ದಾರಿ ಒಂದೇ. ಬಂದರಿನಲ್ಲಿ, ಅನುಮತಿ ತೆಗೆದುಕೊಂಡು, ಗೊತ್ತಿರುವ ದೂರದಲ್ಲಿ ಒಂದು ಸಣ್ಣ ಸಿಗ್ನಲ್ ಜನರೇಟರ್ ಮತ್ತು ಹಾರ್ನ್ ಆಂಟೆನಾ ನಿಲ್ಲಿಸಿ, ಪ್ರತಿ ಸೆಕ್ಟರ್‌ನಲ್ಲೂ, ಬ್ಯಾಂಡ್‌ನ ಕೆಳಗೆ, ನಡುವೆ, ಮೇಲೆ ಎಷ್ಟು ಮಟ್ಟ ಬರುತ್ತದೆ ಅಂತ ಬರೆದುಕೊಳ್ಳಿ. ಸೆಟ್ ಹೊಸದಾಗಿ ಕೂರಿಸಿದಾಗ ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಇಡಿ. ಆ ಹಳೆಯ ಕಾಗದ ಹಡಗಿನಲ್ಲಿ ಇರಬೇಕು. ಹೆಚ್ಚಿನ ಸಲ ಇರುವುದಿಲ್ಲ, ಅದು ಬೇರೆ ಕಥೆ.

ಎಷ್ಟು ಡೆಸಿಬೆಲ್ ಹೋದರೆ ಎಷ್ಟು ನಷ್ಟ ಅನ್ನುವುದು ತಲೆಯಲ್ಲಿರಲಿ. ರಾಡಾರ್‌ನಲ್ಲಿ ಅಲೆ ಹೋಗಿ ಬರಬೇಕು, ಆದ್ದರಿಂದ ದೂರ ಅರ್ಧವಾಗಲು 12 ಡೆಸಿಬೆಲ್ ಕಳೆದುಹೋಗಬೇಕು. ಇಲ್ಲಿ ಅಲೆ ಒಂದೇ ದಾರಿ ಬರುತ್ತದೆ, 6 ಡೆಸಿಬೆಲ್ ಹೋದರೆ ಸಾಕು. 3 ಡೆಸಿಬೆಲ್ ಹೋದರೂ ಸುಮಾರು ಶೇಕಡ 30ರಷ್ಟು ದೂರ ಹೋಯಿತು. ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆ ಆಗುವ ನಷ್ಟವಂತೂ ನೇರವಾಗಿ ನಾಯ್ಸ್ ಫಿಗರ್‌ಗೆ (ರಿಸೀವರ್ ತಾನೇ ಎಷ್ಟು ಗದ್ದಲ ಸೇರಿಸುತ್ತದೆ ಅನ್ನುವ ಅಳತೆಗೆ) ಸೇರುತ್ತದೆ, ಆಮೇಲೆ ಎಷ್ಟು ಗೇನ್ ಕೊಟ್ಟರೂ ವಾಪಸ್ ಬರುವುದಿಲ್ಲ.

ಈಗ ಮೇಲಿನಿಂದ ಕೆಳಕ್ಕೆ ಬನ್ನಿ. ಮಾಸ್ಟ್ ಹತ್ತುವ ಮುಂಚೆ ಹಡಗಿನ ಎಲ್ಲ ಟ್ರಾನ್ಸ್‌ಮಿಟರ್‌ಗಳೂ ಆಫ್ ಆಗಿ, ಬೀಗ ಬಿದ್ದು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. 'ಆಫ್ ಮಾಡಿದ್ದೀವಿ ಸಾರ್, ಹತ್ತಿ' ಅನ್ನುವ ಬಾಯಿಮಾತಿಗೆ ಹತ್ತಬೇಡಿ.

ಮೊದಲು ರೇಡೋಮ್. ರಿಫಿಟ್ (ಹಡಗಿನ ದೊಡ್ಡ ದುರಸ್ತಿ) ಆದಮೇಲೆ ಬಂದ ದೂರಾದರೆ ಪೇಂಟ್ ಮೇಲೇ ಮೊದಲ ಅನುಮಾನ. ಮಾಸ್ಟ್‌ಗೆ ಬಳಿಯುವಾಗ ಜೊತೆಗೆ ಇದಕ್ಕೂ ಒಂದು ಕೋಟ್ ಬಿದ್ದಿರುತ್ತದೆ. ಲೋಹದ ಪುಡಿ ಇರುವ ಪೇಂಟ್ ಆದರೆ ಆಂಟೆನಾಗೆ ತಗಡು ಮುಚ್ಚಿದಂತೆಯೇ ಲೆಕ್ಕ. ಸಾಮಾನ್ಯ ಪೇಂಟೇ ಆದರೂ ಪ್ರತಿ ರಿಫಿಟ್‌ಗೂ ಒಂದೊಂದು ಕೋಟ್ ಸೇರಿ ದಪ್ಪವಾದರೆ 18 ಗಿಗಾಹರ್ಟ್ಸ್ ಕಡೆಯ ಮೇಲಿನ ಬ್ಯಾಂಡ್ ಮೊದಲು ಸೊರಗುತ್ತದೆ. ಕೆಳಗಿನ ಬ್ಯಾಂಡ್ ಸರಿ, ಮೇಲಿನದು ಮಾತ್ರ ಕಡಿಮೆ ಅಂದರೆ ಇದನ್ನೂ ಕನೆಕ್ಟರ್‌ಗಳನ್ನೂ ನೋಡಿ. ಚಿಮಣಿಯ ಮಸಿ, ಉಪ್ಪಿನ ಪದರ ಇದ್ದರೆ ಸಿಹಿನೀರಿನಲ್ಲಿ ಮೆತ್ತಗೆ ತೊಳೆಯಿರಿ. ನೀರು ಬಸಿಯುವ ತೂತು ಇರುವ ಜಾತಿಯಾದರೆ ಅದು ಮುಚ್ಚಿಕೊಂಡಿದೆಯಾ ನೋಡಿ.

ಆಮೇಲೆ ಕೇಬಲ್ ಮತ್ತು ಕನೆಕ್ಟರ್. ನನ್ನ ಪ್ರಕಾರ ಹಡಗಿನ ಇಡಬ್ಲ್ಯು ದೋಷಗಳ ತವರುಮನೆ ಇದೇ. ಕನೆಕ್ಟರ್ ಬಿಚ್ಚಿ ಒಳಗೆ ಹಸಿರು ಪುಡಿ ಕಂಡರೆ ತಾಮ್ರ ಉಪ್ಪು ತಿಂದಿದೆ, ಒರೆಸಿ ಮತ್ತೆ ಹಾಕುವ ಮಾತೇ ಇಲ್ಲ. ಆ ತುದಿ ಕತ್ತರಿಸಿ ಹೊಸದು ಹಾಕಬೇಕು, ನೀರು ಹೆಣಿಗೆಯೊಳಗೆ ಏರಿದ್ದರೆ ಇಡೀ ಕೇಬಲ್ ಹೋಗಬೇಕು. 10 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ ಒಂದು ಮೈಕ್ರಾನ್‌ಗಿಂತ ಕಡಿಮೆ ದಪ್ಪದಲ್ಲೇ ಓಡುವುದು. ಆದ್ದರಿಂದ ಮಲ್ಟಿಮೀಟರ್‌ನಲ್ಲಿ 'ಕಂಟಿನ್ಯೂಟಿ ಇದೆ' ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಮಲ್ಟಿಮೀಟರ್‌ಗೆ ಸರಿ ಕಂಡದ್ದು ಮೈಕ್ರೋವೇವ್‌ಗೆ ಗೋಡೆಯಾಗಿರಬಹುದು. ನೆಟ್‌ವರ್ಕ್ ಅನಲೈಸರ್‌ನಲ್ಲಿ ದೋಷದ ದೂರ ತೋರಿಸುವ ಮೋಡ್ ಇರುತ್ತದೆ, ಅದನ್ನು ಬಳಸಿ. ಅದಕ್ಕೆ ಕೇಬಲ್‌ನ ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗದ ಎಷ್ಟು ಭಾಗದಲ್ಲಿ ಸಿಗ್ನಲ್ ಕೇಬಲ್‌ನಲ್ಲಿ ಓಡುತ್ತದೆ ಅನ್ನುವ ಅಂಕಿ) ಸರಿಯಾಗಿ ಕೊಡಿ. 0.7 ಇರುವ ಕೇಬಲ್‌ನಲ್ಲಿ ಹೋಗಿ ಬರುವ ಒಂದು ನ್ಯಾನೊಸೆಕೆಂಡ್ ಅಂದರೆ ಸುಮಾರು 10.5 ಸೆಂಟಿಮೀಟರ್. ತಪ್ಪು ಅಂಕಿ ಕೊಟ್ಟರೆ ನೀವು ಹಡಗಿನ ಒಂದು ಒಳಗೋಡೆ (ಬಲ್ಕ್‌ಹೆಡ್) ಬಿಚ್ಚುತ್ತೀರಿ, ದೋಷ ಪಕ್ಕದ ಕಂಪಾರ್ಟ್‌ಮೆಂಟ್‌ನಲ್ಲಿ ಕೂತಿರುತ್ತದೆ. ಅಲೆ ಎಷ್ಟು ವಾಪಸ್ ಚಿಮ್ಮುತ್ತದೆ ಅನ್ನುವ ಅಳತೆ ವಿಎಸ್‌ಡಬ್ಲ್ಯುಆರ್. ಅದು 2 ಅಂದರೆ ಶೇಕಡ 11ರಷ್ಟು ಶಕ್ತಿ ವಾಪಸ್ ಬರುತ್ತಿದೆ ಅಂತ ಅರ್ಥ. 1.5 ಆದರೆ ಶೇಕಡ 4.

ಎಸ್‌ಎಂಎ ಅನ್ನುವ ಸಣ್ಣ ಮೈಕ್ರೋವೇವ್ ಕನೆಕ್ಟರನ್ನು ಇಕ್ಕಳದಲ್ಲಿ ಬಿಗಿ ಮಾಡುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟಾರ್ಕ್ ರೆಂಚ್ ಅಂತ ಒಂದಿದೆ. ಹಿತ್ತಾಳೆಯದಕ್ಕೆ ಸುಮಾರು 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್‌ಗೆ ಸುಮಾರು 1. ಬಿಗಿ ಮಾಡುವಾಗ ನಟ್ ಮಾತ್ರ ತಿರುಗಬೇಕು, ಕನೆಕ್ಟರ್‌ನ ಮೈ ತಿರುಗಬಾರದು. ಮೈ ತಿರುಗಿದರೆ ಒಳಗಿನ ಪಿನ್ ಸವೆಯುತ್ತದೆ.

ಇಷ್ಟೆಲ್ಲ ಸರಿಯಿದ್ದು, ಒಂದು ಚಾನೆಲ್ ಮಾತ್ರ ಕೆಲವು ಡೆಸಿಬೆಲ್ ಕೆಳಗಿದೆ ಅಂದರೆ ಲಿಮಿಟರ್ (ಜಾಸ್ತಿ ಶಕ್ತಿ ಒಳಗೆ ನುಗ್ಗದಂತೆ ತಡೆಯುವ ಭಾಗ) ಮತ್ತು ಅದರ ಹಿಂದಿನ ಲೋ ನಾಯ್ಸ್ ಆಂಪ್ಲಿಫೈಯರ್ ಕಡೆ ತಿರುಗಿ. ಪಕ್ಕದ ಹಡಗಿನ ಅಥವಾ ತನ್ನದೇ ಹಡಗಿನ ರಾಡಾರ್ ನೇರವಾಗಿ ಹೊಡೆದರೆ ಇವು ಪೂರ್ತಿ ಸಾಯಬೇಕೆಂದಿಲ್ಲ. ಅರ್ಧ ಸತ್ತು ಬದುಕಿರುತ್ತವೆ. ಗೇನ್ ಸ್ವಲ್ಪ ಇಳಿದಿರುತ್ತದೆ, ನಾಯ್ಸ್ ಏರಿರುತ್ತದೆ, ಬೈಟ್ ತನ್ನ ಮಿತಿಯೊಳಗೇ ಇದೆ ಅಂತ ಸುಮ್ಮನಿರುತ್ತದೆ. ಇಲ್ಲಿ ಮಾತ್ರ ಸ್ಪೇರ್ ಕೇಳುವುದು ನ್ಯಾಯ.

ದೂರು ಎರಡು: ದಿಕ್ಕು ತಪ್ಪು ತೋರಿಸುತ್ತಿದೆ

ಇದಕ್ಕೆ ಒಂದೇ ಪ್ರಶ್ನೆ: ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆಯ ತಪ್ಪಾ, ಒಂದು ಕಡೆ ಮಾತ್ರವಾ? ಉತ್ತರಕ್ಕಿದ್ದದ್ದೂ 5 ಡಿಗ್ರಿ ಆಚೆ, ಪೂರ್ವಕ್ಕಿದ್ದದ್ದೂ 5 ಡಿಗ್ರಿ ಆಚೆ ಅಂದರೆ ಇಡಬ್ಲ್ಯು ಸೆಟ್ ಮುಟ್ಟಲೇಬೇಡಿ. ಗೈರೊದಿಂದ ಬರುವ ಹಡಗಿನ ದಿಕ್ಕಿನ ಮಾಹಿತಿಯೇ ತಪ್ಪಾಗಿದೆ. ಗೈರೊದ ದಿಕ್ಕನ್ನು ಬೇರೆ ಕಡೆ ತೋರಿಸುವ ರಿಪೀಟರ್ ಹೊಂದಿಸಿದ್ದು ಸರಿಯಾಗಿಲ್ಲ, ಅಥವಾ ಗೈರೊ ಬದಲಿಸಿದ ಮೇಲೆ ತಿದ್ದುಪಡಿ ಅಂಕಿ ಹಾಕಿಲ್ಲ. ನಿಂತ ಹಡಗಿನಲ್ಲಿ ಗೈರೊ ಏನು ಹೇಳುತ್ತದೆ, ಇಡಬ್ಲ್ಯು ಪರದೆ ಏನು ತೋರಿಸುತ್ತದೆ ಅಂತ ಪಕ್ಕಪಕ್ಕ ನೋಡಿದರೆ ಗೊತ್ತಾಗಿಬಿಡುತ್ತದೆ.

ಒಂದು ಸೆಕ್ಟರ್‌ನಲ್ಲಿ ಮಾತ್ರ ತಪ್ಪು ಅಂದರೆ ಲೆಕ್ಕ ಬೇರೆ. ಹೆಚ್ಚಿನ ಸೆಟ್‌ಗಳು ಅಕ್ಕಪಕ್ಕದ ಎರಡು ಆಂಟೆನಾಗಳಿಗೆ ಬಂದ ಸಿಗ್ನಲ್‌ನ ಮಟ್ಟ ಹೋಲಿಸಿ ದಿಕ್ಕು ಕಂಡುಹಿಡಿಯುತ್ತವೆ. ಒಂದು ಚಾನೆಲ್ ಸೊರಗಿದರೆ ದಿಕ್ಕು ಇನ್ನೊಂದು ಆಂಟೆನಾ ಕಡೆ ವಾಲುತ್ತದೆ. ನಾಲ್ಕು ಆಂಟೆನಾ, ಒಂದೊಂದಕ್ಕೂ 90 ಡಿಗ್ರಿ ಬೀಮ್ ಅಂತಿಟ್ಟುಕೊಂಡರೆ 1 ಡೆಸಿಬೆಲ್ ವ್ಯತ್ಯಾಸಕ್ಕೆ ಸುಮಾರು 3.75 ಡಿಗ್ರಿ ವಾಲುತ್ತದೆ. ಅಂದರೆ ಒಂದು ಸಡಿಲ ಕನೆಕ್ಟರ್ ಸಾಕು.

ಇಲ್ಲಿ ಅದಲುಬದಲು ಪರೀಕ್ಷೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ರಿಸೀವರ್ ಬಾಯಲ್ಲಿ ಅನುಮಾನದ ಚಾನೆಲ್ ಮತ್ತು ಪಕ್ಕದ ಒಳ್ಳೆಯ ಚಾನೆಲ್‌ನ ಕೇಬಲ್‌ಗಳನ್ನು ಅದಲುಬದಲು ಮಾಡಿ. ಸೊರಗಿದ ಮಟ್ಟ ಕೇಬಲ್ ಜೊತೆ ಹೋದರೆ ದೋಷ ಮೇಲಿದೆ. ಅದೇ ಚಾನೆಲ್‌ನಲ್ಲಿ ಉಳಿದರೆ ರಿಸೀವರ್‌ನಲ್ಲಿದೆ. ಬಂದರಿನಲ್ಲಿ ಮಾತ್ರ ಮಾಡಿ, ಮಾಡುವ ಮುಂಚೆ ಎರಡಕ್ಕೂ ಬಣ್ಣದ ಟೇಪ್ ಸುತ್ತಿ, ಮುಗಿದ ಮೇಲೆ ವಾಪಸ್ ಹಾಕಿದ್ದೀರಾ ಅಂತ ಇನ್ನೊಬ್ಬರ ಕೈಲಿ ನೋಡಿಸಿ.

ಇನ್ನೊಂದು ಜಾತಿ ಇದೆ: 'ಹೊಸ ಸ್ಪೇರ್ ಹಾಕಿದ ಮೇಲೆಯೇ ದಿಕ್ಕು ಕೆಟ್ಟಿತು'. ಪ್ರತಿ ಫ್ರಂಟ್ ಎಂಡ್‌ಗೂ ಫ್ರೀಕ್ವೆನ್ಸಿ ಬದಲಾದಂತೆ ಗೇನ್ ಬೇರೆ ಬೇರೆ. ಅದನ್ನು ಸರಿದೂಗಿಸುವ ಕ್ಯಾಲಿಬ್ರೇಶನ್ ಟೇಬಲ್ ಪ್ರೊಸೆಸರ್‌ನಲ್ಲಿ ಇರುತ್ತದೆ. ಪೆಟ್ಟಿಗೆ ಬದಲಿಸಿ ಹಳೆಯ ಟೇಬಲ್ಲನ್ನೇ ಬಿಟ್ಟರೆ ಇಬ್ಬರಿಗೂ ಹೊಂದುವುದಿಲ್ಲ. ಹೊಸ ಪೆಟ್ಟಿಗೆಯ ಜೊತೆ ಅದರದ್ದೇ ಟೇಬಲ್ ಬಂದಿದೆಯಾ, ಲೋಡ್ ಆಯಿತಾ, ಸೀರಿಯಲ್ ನಂಬರ್ ತಾಳೆಯಾಗುತ್ತದಾ ನೋಡಿ. ಹೊಸ ಪೆಟ್ಟಿಗೆಯನ್ನು ಬೈಯುವ ಮುಂಚೆ ಇಷ್ಟು ಮಾಡಿ.

ದೂರು ಮೂರು: ಪರದೆ ತುಂಬ ಭೂತಗಳು, ಇಲ್ಲವೇ ಏನೂ ಇಲ್ಲ

ಎರಡೂ ವಿರುದ್ಧ ದೂರುಗಳಂತೆ ಕಂಡರೂ ಎಷ್ಟೋ ಸಲ ಮೂಲ ಒಂದೇ, ಬ್ಲಾಂಕಿಂಗ್ ಲೈನ್. ಹಡಗಿನ ಸ್ವಂತ ರಾಡಾರ್ ಪಲ್ಸ್ ಬಿಡುವ ಹೊತ್ತಿಗೆ ರಿಸೀವರ್‌ಗೆ ಒಂದು ತಂತಿಯಲ್ಲಿ 'ಈಗ ಕಣ್ಣು ಮುಚ್ಚಿಕೋ' ಅಂತ ಸಂದೇಶ ಹೋಗುತ್ತದೆ. ಆ ತಂತಿ ಕಿತ್ತುಹೋದರೆ ಸ್ವಂತ ರಾಡಾರೇ ಶತ್ರುವಿನ ಹಾಗೆ ಪರದೆ ತುಂಬುತ್ತದೆ. ಆ ಲೈನ್ ಯಾವಾಗಲೂ ಹೈ ಆಗಿ ಸಿಕ್ಕಿಹಾಕಿಕೊಂಡರೆ ರಿಸೀವರ್ ಕಣ್ಣು ಬಿಡುವುದೇ ಇಲ್ಲ, ಬೈಟ್ ಹಸಿರು, ಪರದೆ ಖಾಲಿ. ಆಸಿಲೋಸ್ಕೋಪ್ ಹಾಕಿ ನೋಡಲು ಐದು ನಿಮಿಷ ಸಾಕು. ಹೊಸ ನ್ಯಾವಿಗೇಶನ್ ರಾಡಾರ್ ಕೂರಿಸಿದ ಮೇಲೆ 9.3ರಿಂದ 9.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಭೂತ ಶುರುವಾದರೆ ಬ್ಲಾಂಕಿಂಗ್ ಅದಕ್ಕೆ ಕೊಟ್ಟೇ ಇಲ್ಲ ಅಂತ ತಿಳಿಯಿರಿ. ಒಂದೊಂದೇ ರಾಡಾರ್ ಆಫ್ ಮಾಡಿಸುತ್ತಾ ಹೋದರೆ ಯಾರು ಅಂತ ಸಿಕ್ಕಿಬೀಳುತ್ತದೆ.

ಬ್ಲಾಂಕಿಂಗ್ ಸರಿಯಿದ್ದೂ ಭೂತ ಹೋಗಲಿಲ್ಲವಾ? ಡೆಕ್ ಮೇಲೆ ಒಂದು ಸುತ್ತು ಬನ್ನಿ. ತುಕ್ಕು ಹಿಡಿದ ಬೋಲ್ಟ್, ಸಡಿಲ ಸರಪಳಿ, ಅರ್ಧ ಮುಟ್ಟಿಕೊಂಡಿರುವ ರೇಲಿಂಗ್ ಇವೆಲ್ಲ ಕೆಟ್ಟ ಡಯೋಡ್‌ಗಳ ಹಾಗೆ ನಡೆದುಕೊಳ್ಳುತ್ತವೆ. ಹಡಗಿನ ಎರಡು ಟ್ರಾನ್ಸ್‌ಮಿಟರ್‌ಗಳ ಅಲೆಗಳನ್ನು ಬೆರೆಸಿ, ಎಲ್ಲೂ ಇಲ್ಲದ ಮೂರನೇ ಫ್ರೀಕ್ವೆನ್ಸಿ ಹುಟ್ಟಿಸುತ್ತವೆ. ಹಡಗು ಅಲ್ಲಾಡಿದಾಗ ಭೂತ ಬಂದು ಹೋಗುತ್ತಿದ್ದರೆ ಇದೇ. ಇದಕ್ಕೆ ಬೇಕಾದ ಸ್ಪೇರ್ ಒಂದು ತಂತಿ ಬ್ರಷ್, ಒಂದು ಬಾಂಡಿಂಗ್ ಪಟ್ಟಿ.

ಸಿಗ್ನಲ್ ಕಾಣುತ್ತಿದೆ, ಫ್ರೀಕ್ವೆನ್ಸಿ, ಪಲ್ಸ್ ಎಲ್ಲ ಸರಿಯಾಗಿ ಅಳೆಯುತ್ತಿದೆ, ಹೆಸರು ಮಾತ್ರ 'ಗೊತ್ತಿಲ್ಲ' ಅಂತ ಬರುತ್ತಿದೆ ಅಂದರೆ ಅದು ಹಾರ್ಡ್‌ವೇರ್ ಅಲ್ಲ. ಲೈಬ್ರರಿ (ಗೊತ್ತಿರುವ ರಾಡಾರ್‌ಗಳ ಪಟ್ಟಿ) ಲೋಡ್ ಆಗಿಲ್ಲ, ಅಥವಾ ಹಳೆಯ ಕಾಲದ ಸೆಟ್ ಆದರೆ ಮೆಮೊರಿ ಬೋರ್ಡ್‌ನ ಲಿಥಿಯಂ ಸೆಲ್ ಮುಗಿದಿದೆ. ಅಷ್ಟೇ.

ದೂರು ನಾಲ್ಕು: ಜಾಮರ್ ಟ್ರಿಪ್ ಆಗುತ್ತಿದೆ

ಇಲ್ಲಿ ಜೀವದ ವಿಷಯ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಟ್ರಾವೆಲಿಂಗ್ ವೇವ್ ಟ್ಯೂಬ್ (ಮೈಕ್ರೋವೇವ್ ಅಲೆಯನ್ನು ಬಲಪಡಿಸುವ ನಿರ್ವಾತ ಟ್ಯೂಬ್) ಇರುವ ಟ್ರಾನ್ಸ್‌ಮಿಟರ್ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ. ಸ್ವಿಚ್ ಆಫ್ ಆದಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಒಬ್ಬರೇ ತೆರೆಯಬೇಡಿ. ಡಿಸ್ಚಾರ್ಜ್ ಕೋಲು ಹಾಕದೆ ಕೈ ಹಾಕಬೇಡಿ. ಕೆಲವು ಟ್ಯೂಬ್‌ಗಳ ಒಳಗೆ ಬೆರಿಲಿಯಂ ಆಕ್ಸೈಡ್ ಸೆರಾಮಿಕ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಾಗಾಗಿ ಕೆಟ್ಟ ಟ್ಯೂಬನ್ನು ಕುತೂಹಲಕ್ಕೆ ಒಡೆಯುವುದು, ಉಜ್ಜುವುದು ಬೇಡವೇ ಬೇಡ.

ಟ್ರಿಪ್ ಆದ ತಕ್ಷಣ 'ಟ್ಯೂಬ್ ಹೋಯಿತು' ಅನ್ನುವ ಅಭ್ಯಾಸ ಕೆಲವರಿಗೆ ಇದೆ. ಟ್ಯೂಬ್ ಪೆಟ್ಟಿಗೆಯ ಅತಿ ದುಬಾರಿ ಭಾಗ, ತಯಾರಾಗಲು ತಿಂಗಳುಗಟ್ಟಲೆ ಬೇಕು. ಇದೇ ಜಾಲಹಳ್ಳಿಯಲ್ಲಿ 1984ರಲ್ಲಿ ಮೈಕ್ರೋವೇವ್ ಟ್ಯೂಬ್‌ಗಳಿಗೇ ಅಂತ ಡಿಆರ್‌ಡಿಒದ ಎಂಟಿಆರ್‌ಡಿಸಿ ಪ್ರಯೋಗಾಲಯ ಶುರುವಾಯಿತು ಅಂದಮೇಲೆ ಇದೆಷ್ಟು ನಾಜೂಕಿನ ಕೆಲಸ ಅಂತ ಊಹಿಸಿಕೊಳ್ಳಿ. ಟ್ಯೂಬನ್ನು ಕೊನೆಗೆ ಅನುಮಾನಿಸಿ.

ಮೊದಲು ನೀರು. ತಂಪು ನೀರಿನ ಹರಿವು ಕಡಿಮೆಯಾದರೆ ಫ್ಲೋ ಸ್ವಿಚ್ ಟ್ರಿಪ್ ಮಾಡುತ್ತದೆ. ಸ್ಟ್ರೇನರ್ ಕಟ್ಟಿಕೊಂಡಿದೆಯಾ, ಸ್ವಿಚ್ಚೇ ಅಂಟಿಕೊಂಡಿದೆಯಾ ನೋಡಿ. ತಂಪು ನೀರು ಓಡುತ್ತಿರುವಾಗ ಕ್ಯಾಬಿನೆಟ್ ಬಾಗಿಲು ತೆರೆದಿಟ್ಟರೆ ಕರಾವಳಿಯ ತೇವ ಒಳಗೆಲ್ಲ ಬೆವರಾಗಿ ಕೂರುತ್ತದೆ, ಆಮೇಲೆ ಹೈ ವೋಲ್ಟೇಜ್ ಆನ್ ಮಾಡಿದರೆ ಚಟ್ ಅಂತ ಹಾರುತ್ತದೆ.

ಎರಡನೆಯದು ವೇವ್‌ಗೈಡ್, ಅಂದರೆ ಮೈಕ್ರೋವೇವ್ ಒಯ್ಯುವ ಲೋಹದ ಕೊಳವೆ. ಒಳಗೆ ಒಣಗಾಳಿಯ ಒತ್ತಡ ಇರಬೇಕು. ಒತ್ತಡ ನಿಲ್ಲುತ್ತಿಲ್ಲ ಅಂದರೆ ಫ್ಲಾಂಜ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಡೀಹೈಡ್ರೇಟರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬದಲಿಸಿ. ಕೆಲವು ಕಡೆ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿ ಇರುತ್ತದೆ, ಡಬ್ಬಿ ಮೇಲೆ ಓದಿಕೊಳ್ಳಿ. ವೇವ್‌ಗೈಡ್‌ನಲ್ಲಿ ಒಂದು ಹನಿ ನೀರು ನಿಂತರೂ ಶಕ್ತಿ ವಾಪಸ್ ಬಂದು ಟ್ರಿಪ್.

ಮೂರನೆಯದು ಹೀಲಿಕ್ಸ್ ಕರೆಂಟ್, ಅಂದರೆ ಟ್ಯೂಬ್ ಒಳಗಿನ ಸುರುಳಿಗೆ ಹೋಗುವ ಕರೆಂಟ್. ಇದು ಏರಿ ಟ್ರಿಪ್ ಆಗುತ್ತಿದ್ದರೆ ಡ್ರೈವ್ ಜಾಸ್ತಿಯಾಗಿರಬಹುದು, ಹೊರಗಿನ ಮ್ಯಾಚ್ ಕೆಟ್ಟಿರಬಹುದು, ಇಲ್ಲವೇ ಟ್ಯೂಬ್‌ನ ಸುತ್ತಲಿನ ಆಯಸ್ಕಾಂತಗಳ ಕ್ಷೇತ್ರ ಕದಡಿರಬಹುದು. ಟ್ಯೂಬ್ ಹತ್ತಿರ ಕಬ್ಬಿಣದ ಸ್ಪ್ಯಾನರ್ ಇಡಬೇಡಿ, ಸ್ಟೀಲ್ ರ‍್ಯಾಕಿಗೆ ಅಂಟಿಸಿ ಸಂಗ್ರಹಿಸಬೇಡಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಟ್ಯೂಬ್ ಒಳಗೆ ಸ್ವಲ್ಪ ಗ್ಯಾಸ್ ಬಿಟ್ಟುಕೊಂಡಿರುತ್ತದೆ. ಅದನ್ನು ನೇರವಾಗಿ ಪೂರ್ತಿ ವೋಲ್ಟೇಜ್‌ಗೆ ಏರಿಸಿದರೆ ಒಳಗೇ ಆರ್ಕ್ ಆಗಿ ನಿಜವಾಗಲೂ ಹೋಗುತ್ತದೆ. ತಯಾರಕರು ಹೇಳಿದಂತೆ ಹೀಟರನ್ನು ಸಾಕಷ್ಟು ಹೊತ್ತು ಕಾಯಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು.

ಇಲ್ಲಿ ಬೆಂಗಳೂರಿನವರಿಗೆ ಒಂದು ವಿಶೇಷ ಮಾತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಸುಮಾರು ಶೇಕಡ 10 ಕಡಿಮೆ. ಗಾಳಿಯಲ್ಲಿ ಹೈ ವೋಲ್ಟೇಜ್ ಹಾರುವುದು ಇಲ್ಲಿ ಅಷ್ಟರಮಟ್ಟಿಗೆ ಸುಲಭ. ಸರಿಯಾಗಿ ವಿನ್ಯಾಸ ಮಾಡಿದ ಸಪ್ಲೈಗೆ ಇದರಿಂದ ಏನೂ ಆಗಬಾರದು. ಆದರೆ ಅಂಚಿನಲ್ಲಿರುವ ಸಪ್ಲೈ ಇಲ್ಲಿ ಹಿಸ್ ಅನ್ನಬಹುದು, ಓಝೋನ್ ವಾಸನೆ ಬರಬಹುದು, ಕಾರವಾರದಲ್ಲಿ ಸುಮ್ಮನಿರಬಹುದು. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಮುಂದೆ ಕೆಡುವುದು ಈಗಲೇ ಕಾಣುತ್ತದೆ. ಉಲ್ಟಾ ಲೆಕ್ಕವೂ ಇದೆ: ನಮ್ಮ ಒಣ ಹವೆಯಲ್ಲಿ ಎರಡು ದಿನ ಇದ್ದ ಬೋರ್ಡ್‌ನ ತೇವವೆಲ್ಲ ಆರಿ, ಸೋರಿಕೆ ಕರೆಂಟ್ ಮಾಯವಾಗಿ, ಕೆಟ್ಟ ಬೋರ್ಡ್ ಒಳ್ಳೆಯದಾಗಿ ಕಾಣುತ್ತದೆ. ಹಾಗಾಗಿ ಬಂದ ಪೆಟ್ಟಿಗೆಯನ್ನು ಚೇಂಬರ್‌ನಲ್ಲಿ ತೇವ ಮತ್ತು ಶಾಖ ಎರಡನ್ನೂ ಕೊಟ್ಟು ಓಡಿಸದೆ 'ದೋಷ ಇಲ್ಲ' ಅಂತ ಬರೆಯಬಾರದು.

ಪವರ್ ಬಗ್ಗೆ ಎರಡೇ ಮಾತು. ಎಷ್ಟೋ ಹಡಗುಗಳಲ್ಲಿ ಸಪ್ಲೈಯ ನ್ಯೂಟ್ರಲ್ ಹಡಗಿನ ಮೈಗೆ, ಅಂದರೆ ಹಲ್‌ಗೆ, ಕಟ್ಟಿರುವುದಿಲ್ಲ. ಒಂದು ಫೇಸ್ ಎಲ್ಲೋ ಹಲ್‌ಗೆ ತಾಗಿದರೂ ಫ್ಯೂಸ್ ಹೋಗುವುದಿಲ್ಲ, ಉಳಿದ ಫೇಸ್‌ಗಳು ಮಾತ್ರ ಹಲ್‌ಗೆ ಹೋಲಿಸಿದರೆ ಮೇಲೇರುತ್ತವೆ, ನಿಮ್ಮ ಇನ್‌ಪುಟ್ ಫಿಲ್ಟರ್‌ನ ಕೆಪಾಸಿಟರ್‌ಗಳು ಅದನ್ನು ತಾಳಿಕೊಳ್ಳುತ್ತಿರುತ್ತವೆ. ಫಿಲ್ಟರ್ ಪದೇ ಪದೇ ಹೋಗುತ್ತಿದ್ದರೆ ಹಡಗಿನ ಇನ್ಸುಲೇಶನ್ ಮಾನಿಟರ್ ಏನು ಹೇಳುತ್ತಿದೆ ಅಂತ ಎಲೆಕ್ಟ್ರಿಕಲ್‌ನವರನ್ನು ಕೇಳಿ.

ಸ್ಪೇರ್ ಬೇಕೇ ಬೇಕು ಅಂತಾದ ಮೇಲೆ

ಪೆಟ್ಟಿಗೆ ಮೇಲಿನ 13 ಅಂಕಿಯ ನ್ಯಾಟೊ ಸ್ಟಾಕ್ ನಂಬರ್ ಓದುವುದನ್ನು ಕಲಿಯಿರಿ. ಮೊದಲ ನಾಲ್ಕು ಅಂಕಿ ಯಾವ ಜಾತಿ ಅಂತ ಹೇಳುತ್ತದೆ: 5865 ಅಂದರೆ ಇಡಬ್ಲ್ಯು ಉಪಕರಣ, 5960 ಟ್ಯೂಬ್, 5985 ಆಂಟೆನಾ ಮತ್ತು ವೇವ್‌ಗೈಡ್, 5935 ಕನೆಕ್ಟರ್, 5962 ಐಸಿ. ನಂತರದ ಎರಡು ಅಂಕಿ ನಂಬರ್ ಕೊಟ್ಟ ದೇಶ, 00 ಮತ್ತು 01 ಅಮೆರಿಕ, 99 ಬ್ರಿಟನ್. ಉಳಿದ ಏಳು ಆ ವಸ್ತುವಿನದ್ದು. ಒಂದೇ ಸ್ಟಾಕ್ ನಂಬರ್ ಅಡಿ ಹಲವು ತಯಾರಕರ ಪಾರ್ಟ್ ನಂಬರ್‌ಗಳು ಇರಬಹುದು. ಆದ್ದರಿಂದ ಪಾರ್ಟ್ ನಂಬರ್, ರಿವಿಷನ್, ತಯಾರಕರ ಐದು ಅಕ್ಷರದ ಕೇಜ್ ಕೋಡ್ ಮೂರನ್ನೂ ಇಂಡೆಂಟ್‌ನಲ್ಲಿ (ಬೇಡಿಕೆ ಪತ್ರದಲ್ಲಿ) ಬರೆಯಿರಿ. ರಿವಿಷನ್ ಬಿಟ್ಟರೆ ಬೋರ್ಡ್ ಕೂರುತ್ತದೆ, ಫರ್ಮ್‌ವೇರ್ ಮಾತಾಡುವುದಿಲ್ಲ.

ಹಳೆಯ ಸೆಟ್‌ಗಳ ದೊಡ್ಡ ತಲೆನೋವು ಅಂದರೆ ಐಸಿ ತಯಾರಿಕೆಯೇ ನಿಂತಿರುವುದು. ಹಡಗು ಮೂವತ್ತು ವರ್ಷ ಓಡುತ್ತದೆ, ಚಿಪ್ ಹತ್ತು ವರ್ಷವೂ ಮಾರುಕಟ್ಟೆಯಲ್ಲಿ ಇರುವುದಿಲ್ಲ. ಆಗ 'ನಮ್ಮ ಹತ್ತಿರ ಸ್ಟಾಕ್ ಇದೆ' ಅನ್ನುವ ದಲ್ಲಾಳಿಗಳು ಬರುತ್ತಾರೆ. 2012ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿ ಅವರ ರಕ್ಷಣಾ ಸರಬರಾಜಿನಲ್ಲಿ ನಕಲಿ ಅನುಮಾನದ ಸುಮಾರು 1,800 ಪ್ರಕರಣ, 10 ಲಕ್ಷಕ್ಕೂ ಜಾಸ್ತಿ ಬಿಡಿಭಾಗ ಪತ್ತೆಯಾದದ್ದನ್ನು ಹೇಳಿತು. ಅಲ್ಲೇ ಹಾಗಾದರೆ ಇಲ್ಲಿ ಹುಷಾರಾಗಿರುವುದು ಒಳ್ಳೆಯದು ಅಲ್ವಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್ ನನಗೂ ಇಷ್ಟ. ಹೀಟ್ ಶ್ರಿಂಕ್, ಪ್ರೋಬ್, ಬೆಂಚ್ ಸಪ್ಲೈ ಎಲ್ಲ ಅಲ್ಲಿಂದಲೇ ತನ್ನಿ. ಹಡಗಿಗೆ ಹೋಗುವ ಒಂದು ಡಯೋಡ್ ಕೂಡ ಅಲ್ಲಿಂದ ಬೇಡ. ಅಂಗಡಿಯವರದ್ದು ತಪ್ಪಿಲ್ಲ, ಆ ಭಾಗದ ಹುಟ್ಟೂರಿನ ಕಾಗದ ಅವರ ಹತ್ತಿರವೂ ಇರುವುದಿಲ್ಲ.

ಬಂದ ಐಸಿಯನ್ನು ಕಣ್ಣಲ್ಲೇ ಒಂದಿಷ್ಟು ಪರೀಕ್ಷೆ ಮಾಡಬಹುದು. ನಾಲ್ಕಂಕಿಯ ಡೇಟ್ ಕೋಡ್ ನೋಡಿ, 1432 ಅಂದರೆ 2014ರ 32ನೇ ವಾರ. ತಯಾರಕರು 2008ಕ್ಕೇ ನಿಲ್ಲಿಸಿದ ಚಿಪ್‌ಗೆ 2014ರ ಕೋಡ್ ಇದ್ದರೆ ಅಲ್ಲೇ ಪಕ್ಕಕ್ಕಿಡಿ. ಒಂದನೇ ಪಿನ್‌ನ ಗುಳಿ ಬಣ್ಣದಿಂದ ತುಂಬಿದೆಯಾ, ಮೇಲಿನ ಮೈಯ ಒರಟುತನ ಅಂಚಿನದಕ್ಕೆ ಹೋಲುತ್ತದಾ, ಕಾಲುಗಳಲ್ಲಿ ಹಳೆಯ ಬೆಸುಗೆಯ ಗುರುತಿದೆಯಾ? ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದಾಗ ಕಪ್ಪು ಬಂದರೆ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದಾರೆ. ಕಪ್ಪು ಬರಲಿಲ್ಲ ಅಂತ ಅಸಲಿ ಅಂದುಕೊಳ್ಳಬೇಡಿ, ಅಸಿಟೋನ್‌ಗೆ ಜಗ್ಗದ ಬಣ್ಣಗಳೂ ಇವೆ. ಅನುಮಾನ ಉಳಿದರೆ ಎಕ್ಸ್-ರೇ, ಆಮೇಲೆ ಒಂದನ್ನು ತೆರೆದು ಒಳಗಿನ ಡೈ (ಸಿಲಿಕಾನ್ ತುಣುಕು) ನೋಡಬೇಕು.

ಕಾಲುಗಳ ಲೇಪನವನ್ನೂ ಕೇಳಿ. ಬರೀ ತವರದ ಲೇಪನದಿಂದ ಕೂದಲೆಳೆಯಂಥ ತವರದ ಎಳೆಗಳು ಬೆಳೆದು ಪಕ್ಕದ ಕಾಲಿಗೆ ಶಾರ್ಟ್ ಮಾಡುತ್ತವೆ, ಅದಕ್ಕೇ ಕನಿಷ್ಠ ಶೇಕಡ 3 ಸೀಸ ಇರಬೇಕು ಅನ್ನುವುದು. ಈಗ ಬರುವ ಸಾಮಾನ್ಯ ಭಾಗಗಳಲ್ಲಿ ಸೀಸ ಇರುವುದಿಲ್ಲ. ಇನ್ನು ಅಲ್ಯೂಮಿನಿಯಂ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ವರ್ಷಗಟ್ಟಲೆ ಗೋದಾಮಿನಲ್ಲಿದ್ದರೆ ರೆಸಿಸ್ಟರ್ ಮೂಲಕ ನಿಧಾನವಾಗಿ ವೋಲ್ಟೇಜ್ ಏರಿಸಿಯೇ ಬಳಸಿ. ಬೋರ್ಡ್ ರಿಪೇರಿ ಆದಮೇಲೆ ಕೆರೆದ ಜಾಗಕ್ಕೆ ಕೋಟಿಂಗ್ ಮತ್ತೆ ಹಚ್ಚುವುದು ಮರೆಯಬೇಡಿ, ಉಪ್ಪು ಮೊದಲು ಹುಡುಕುವುದು ಆ ಜಾಗವನ್ನೇ. ಫೆಬ್ರವರಿ, ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ಮೈಯ ಸ್ಥಿರ ವಿದ್ಯುತ್ ಇಳಿಸುವ ಕೈಪಟ್ಟಿ ಕಟ್ಟದೆ ಗ್ಯಾಲಿಯಂ ಆರ್ಸೆನೈಡ್ ಆಂಪ್ಲಿಫೈಯರ್ ಮುಟ್ಟಿದರೆ ನಿಮ್ಮ ಬೆರಳೇ ಅದನ್ನು ಕೊಲ್ಲುತ್ತದೆ.

ಪೆಟ್ಟಿಗೆ ಕಳಿಸುವಾಗ

ಹಡಗಿನಿಂದ ಇಲ್ಲಿಗೆ ಕಳಿಸುವವರು ಲೈಬ್ರರಿ ಇರುವ ಮೆಮೊರಿಯನ್ನು ತೆಗೆದು, ಅಥವಾ ನಿಯಮದಂತೆ ಅಳಿಸಿಯೇ ಕಳಿಸಬೇಕು. ಕನೆಕ್ಟರ್‌ಗಳಿಗೆ ಟೋಪಿ, ವೇವ್‌ಗೈಡ್ ಬಾಯಿಗೆ ಮುಚ್ಚಳ, ಚೀಲದೊಳಗೆ ಸಿಲಿಕಾ ಜೆಲ್. ಟ್ಯಾಗ್ ಮೇಲೆ 'ಫಾಲ್ಟಿ' ಒಂದೇ ಪದ ಬೇಡ. ಯಾವ ಸೆಕ್ಟರ್, ಯಾವ ಫ್ರೀಕ್ವೆನ್ಸಿ, ಬಿಸಿಯಲ್ಲೋ ತಣ್ಣಗೋ, ಮಳೆಯಲ್ಲೋ ಬಿಸಿಲಲ್ಲೋ, ಬೈಟ್ ಕೋಡ್ ಏನು, ಅದಲುಬದಲು ಮಾಡಿದಾಗ ದೋಷ ಎಲ್ಲಿಗೆ ಹೋಯಿತು, ಇದನ್ನೆಲ್ಲ ಬರೆಯಿರಿ. ಅನುಮಾನ ಇದ್ದರೆ ಜೊತೆಯ ಕೇಬಲ್ಲನ್ನೂ ಕಳಿಸಿ.

ಬೆಂಗಳೂರಿನ ಕಡೆಯವರೂ ಅಷ್ಟೇ. 'ದೋಷ ಕಂಡುಬಂದಿಲ್ಲ' ಅಂತ ಒಂದು ಸಾಲು ಬರೆದು ವಾಪಸ್ ಕಳಿಸಿದರೆ ಹಡಗಿನವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತು ಓಡಿಸಿದಿರಿ, ಯಾವ ಶಾಖದಲ್ಲಿ, ತೇವ ಕೊಟ್ಟಿರಾ, ಅಲ್ಲಾಡಿಸಿದಿರಾ, ಪ್ರತಿ ಚಾನೆಲ್‌ನ ಗೇನ್ ಎಷ್ಟು ಬಂತು ಅನ್ನುವ ಹಾಳೆ ಪೆಟ್ಟಿಗೆಯೊಳಗೆ ಹೋಗಲಿ, ಅದರ ಒಂದು ಪ್ರತಿ ನಿಮ್ಮ ಫೈಲ್‌ನಲ್ಲಿ ಸೀರಿಯಲ್ ನಂಬರ್ ಪ್ರಕಾರ ಇರಲಿ. ಅದೇ ನಂಬರ್ ಮೂರನೇ ಸಲ ಬಂದರೆ ಪೆಟ್ಟಿಗೆಯನ್ನು ಬೆಂಚ್ ಮೇಲೆ ಹತ್ತಿಸಬೇಡಿ, ಕಾರವಾರಕ್ಕೆ ಬಸ್ ಟಿಕೆಟ್ ಬುಕ್ ಮಾಡಿ, ನೆಟ್‌ವರ್ಕ್ ಅನಲೈಸರ್ ಜೊತೆಗೆ ತೆಗೆದುಕೊಂಡು ಹೋಗಿ.